ಗೇಜು ಬದಲಾದ ಗಣಕಯಂತ್ರ

ಕಾಣಿಯೂರು ಸ್ಟೇಶನ್ನಿನಲ್ಲಿ ರೈಲು ನಿಂತು ಹೊರಡುವ ಸದ್ದು ಸ್ಪಷ್ಟವಾಗಿ ಕೇಳಿಸುವಷ್ಟು ಸಮೀಪದಲ್ಲಿ, ಅಡಿಕೆ ತೋಟದ ಮೇಲಂಚಿಗೆ ಒಂದು ಹೆಂಚಿನ ಮನೆ. ಅದರ ಯಜಮಾನರು ನಿವೃತ್ತ ಮುಖ್ಯೋಪಾಧ್ಯಾಯರು. ಊರಿನವರ ಬಾಯಲ್ಲಿ ಮಾಷ್ಟ್ರು. ಆ ಮನೆಯ ಚಾವಡಿಯಲ್ಲಿ 2025ರ ನವೆಂಬರಿನ ಆರಂಭದಲ್ಲಿ, ಒಂದು ಲ್ಯಾಪ್‌ಟಾಪಿನ ಅಳಿವು ಉಳಿವನ್ನು ಕುರಿತು ಮೂರು ದಿನ ಪಂಚಾಯಿತಿ ನಡೆಯಿತು.

ಪೇಟೆಯ ಅಂಗಡಿಯವರು ಅದಾಗಲೇ ತೀರ್ಪು ಕೊಟ್ಟಾಗಿತ್ತು. “ಇದನ್ನು ಇಟ್ಟುಕೊಂಡು ಎಂತ ಮಾಡ್ತೀರಿ ಮಾಷ್ಟ್ರೇ? ಗುಜರಿಗೆ ಹಾಕಿ, ಹೊಸದು ತೆಗೊಳ್ಳಿ” ಎಂದಿದ್ದರು. ಯಂತ್ರವೇನೂ ಕೆಟ್ಟಿರಲಿಲ್ಲ. 2014ರಲ್ಲಿ ಮಗ ಬೆಂಗಳೂರಿನಿಂದ ತಂದುಕೊಟ್ಟದ್ದು. ಕೀಲಿಮಣೆಯ ಕೆಲವು ಅಕ್ಷರಗಳು ಸವೆದಿದ್ದುವೇ ಹೊರತು ಬೇರೆ ರೋಗವಿರಲಿಲ್ಲ. ಆದರೆ ಅದರೊಳಗಿದ್ದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಮುಂದಿನದಾದ ವಿಂಡೋಸ್ 11 ಇಂಥ ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೊಂದನ್ನೂ ಕೇಳುತ್ತದೆ.

ಮಾಷ್ಟ್ರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಮಂಗಳೂರು–ಹಾಸನ ಮಾರ್ಗ ಮೀಟರ್ ಗೇಜಿನದಾಗಿದ್ದ ಕಾಲವನ್ನು ಕಂಡವರು ಅವರು. ಹಳಿ ಅಗಲವಾಗುವ ತನಕ ಆ ಮಾರ್ಗದಲ್ಲಿ ವರ್ಷಗಟ್ಟಲೆ ರೈಲೇ ಇಲ್ಲದೆ, 2007ರ ಕೊನೆಗೆ ಪ್ರಯಾಣಿಕರ ಗಾಡಿ ಮತ್ತೆ ಓಡಿತು. ಹಳೆಯ ಡಬ್ಬಿಗಳು ಆಗ ಮುರಿದಿರಲಿಲ್ಲ; ಹಳಿ ಬೇರೆಯಾಗಿತ್ತು, ಅಷ್ಟೆ. “ಡಬ್ಬಿ ಸರಿಯುಂಟು. ಅದಕ್ಕೆ ಒಪ್ಪುವ ಹಳಿ ಎಲ್ಲಿಯಾದರೂ ಉಂಟೋ ಕೇಳಿ” ಎಂದು ಅವರು ಪಟ್ಟು ಹಿಡಿದರು.

ಪಟ್ಟಿಗೆ ಕಾರಣ ಹಣವಲ್ಲ, ಹಟವೂ ಅಲ್ಲ. ಆ ಲ್ಯಾಪ್‌ಟಾಪಿನಲ್ಲಿ ಅವರ ಪತ್ನಿ ಮೂರು ಮಳೆಗಾಲಗಳಲ್ಲಿ ಕುಳಿತು ಬೆರಳಚ್ಚು ಮಾಡಿದ 83 ಕಡತಗಳಿದ್ದುವು. ತಂಬುಳಿ, ಕಷಾಯ, ಬಾಣಂತಿ ಮದ್ದು, ಯಾವ ಸೊಪ್ಪನ್ನು ಯಾವ ತಿಂಗಳಲ್ಲಿ ಕೊಯ್ಯಬಾರದೆಂಬ ವಿವರ: ಅತ್ತೆಯಿಂದ ಕೇಳಿದ್ದು, ತವರಿನಿಂದ ತಂದದ್ದು. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಮಾಷ್ಟ್ರು ಆ ಕಡತಗಳನ್ನು ಅಷ್ಟರ ತನಕ ತೆರೆದಿರಲಿಲ್ಲ. ಆದರೆ ಅವು ಅಲ್ಲಿವೆ ಎಂಬ ಧೈರ್ಯವಿತ್ತು.

ಶನಿವಾರ ಪುತ್ತೂರಿನ ಕಾಲೇಜಿನಿಂದ ಮೊಮ್ಮಗಳು ಬಂದಳು. ಕಂಪ್ಯೂಟರ್ ವಿದ್ಯೆ ಕಲಿಯುವವಳು. “ಅಜ್ಜ, ಲಿನಕ್ಸ್ ಹಾಕುವ” ಎಂದಳು. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಿರುಳನ್ನು ಬರೆದದ್ದು, ಅದಕ್ಕೂ ಮೊದಲೇ ರಿಚರ್ಡ್ ಸ್ಟಾಲ್‌ಮನ್ನರ ಗ್ನೂ ಯೋಜನೆ ಉಳಿದ ಸಾಮಗ್ರಿಯನ್ನು ಕೂಡಿಸತೊಡಗಿದ್ದು, ಯಾರು ಬೇಕಾದರೂ ನಕಲು ಮಾಡಿ ತಿದ್ದಿ ಹಂಚಬಹುದಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

“ಹಾಗಾದರೆ ಅದನ್ನೇ ಹಾಕು.”

“ಯಾವುದನ್ನು ಹಾಕುವುದು? ನೂರಾರು ಉಂಟು.”

ಇಲ್ಲಿಂದ ಕಷ್ಟ ಆರಂಭವಾಯಿತು. ತಿರುಳು ಒಂದೇ, ಅದರ ಸುತ್ತ ಕಿಟಕಿ, ಕಡತಪೆಟ್ಟಿಗೆ, ಅಕ್ಷರ, ಆಟ ಎಲ್ಲವನ್ನೂ ಜೋಡಿಸಿ ಹಂಚುವವರು ಬೇರೆ ಬೇರೆ. 1993ರಲ್ಲಿ ಹುಟ್ಟಿದ ಡೆಬಿಯನ್, 2004ರಲ್ಲಿ ಅದರಿಂದ ಕವಲೊಡೆದ ಉಬುಂಟು, ಫೆಡೋರಾ, ಮಿಂಟ್, ಆರ್ಚ್. ಒಂದೊಂದಕ್ಕೂ ಅಭಿಮಾನಿಗಳು, ಅವರವರ ಜಗಳ ಅವರವರಿಗೆ ಅತ್ಯಗತ್ಯ. ಉಡುಪಿಯ ಅಷ್ಟಮಠಗಳಲ್ಲಿ ಒಂದರ ಹೆಸರನ್ನು ಹೊತ್ತ ಊರಿನವರಾದ ಮಾಷ್ಟ್ರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಿಸಲಿಲ್ಲ. “ದೇವರು ಒಬ್ಬನೇ, ಮಠ ಎಂಟು. ಇದರಲ್ಲಿ ಪರ್ಯಾಯ ಉಂಟೋ?” ಎಂದು ಕೇಳಿದರು. ಉಂಟು ಎಂದಳು ಮೊಮ್ಮಗಳು. ಉಬುಂಟುವಿನ ದೀರ್ಘ ಬೆಂಬಲದ ಆವೃತ್ತಿ ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುತ್ತದೆ. ಮಾಷ್ಟ್ರು ಬಹಳ ಸಂತೋಷಪಟ್ಟರು.

ಅವಳ ಒಲವು ಆರ್ಚಿನ ಕಡೆಗಿತ್ತು. ಅದರಲ್ಲಿ ಪ್ರತಿಯೊಂದನ್ನೂ ನಾವೇ ಕೈಯಾರೆ ಕಟ್ಟಿಕೊಳ್ಳಬೇಕು. ಹೊಸತು ಹೊಸತು ಬರುತ್ತಲೇ ಇರುತ್ತದೆ. ಇಪ್ಪತ್ತು ವರ್ಷದವರಿಗೆ ಅದು ಸೊಗಸು. ಮರುದಿನ ಪೆರ್ಲದಿಂದ ಬಂದ ಅಳಿಯ, ಮಾಷ್ಟ್ರ ತಂಗಿಯ ಮಗ, ಅದನ್ನು ಕೇಳಿ ನಕ್ಕುಬಿಟ್ಟ. ಅವನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಕ. ಕೇರಳದ ಸರಕಾರಿ ಶಾಲೆಗಳು ಬಹಳ ವರ್ಷಗಳಿಂದ ಲಿನಕ್ಸಿನಲ್ಲಿಯೇ ಪಾಠ ನಡೆಸುತ್ತಿವೆ. ಅಲ್ಲಿನ ಕೈಟ್ ಸಂಸ್ಥೆ ಉಬುಂಟುವನ್ನು ಆಧಾರವಾಗಿಟ್ಟು ತನ್ನದೇ ಆವೃತ್ತಿಯನ್ನು ಸಿದ್ಧಪಡಿಸುತ್ತದೆ. ಗಡಿಯಾಚೆ ಕನ್ನಡ ಓದುವ ಹುಡುಗರಿಗೆ ದಿನನಿತ್ಯದ ಮಾತಾದದ್ದು ಗಡಿಯೀಚೆ ಪಂಡಿತರ ಚರ್ಚೆಯಾಗಿ ಉಳಿದಿರುವುದು ಒಂದು ಸೋಜಿಗವೇ ಸರಿ.

“ಮಾವ, ನೀವು ಯಾವುದನ್ನಾದರೂ ಹಾಕಿ. ರಾತ್ರಿ ಎಂಟು ಗಂಟೆಗೆ ಅದು ಕೈಕೊಟ್ಟರೆ ಫೋನು ಯಾರಿಗೆ ಮಾಡ್ತೀರಿ, ಅದನ್ನು ಮೊದಲು ಹೇಳಿ.”

ಹೊಸ ಗಣಕ ಕೊಳ್ಳುವವರೂ ಕೇಳಿಕೊಳ್ಳದ ಪ್ರಶ್ನೆ ಇದು. ಮೊಮ್ಮಗಳಿಗೆ ಪರೀಕ್ಷೆ, ಮಗ ದೂರ. ಉಳಿದವನು ಅಳಿಯ, ಅವನಿಗೆ ಗೊತ್ತಿರುವುದು ಉಬುಂಟು. ಆದರೆ 4 ಜಿಬಿ ರ್‍ಯಾಮಿನ ಯಂತ್ರಕ್ಕೆ ಅದರ ಈಗಿನ ಠೀವಿ ಭಾರ. ಕೊನೆಗೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪವೆಂದು ನಿರ್ಧಾರವಾಯಿತು. ಅದರ ಒಳಗಿನ ಕಟ್ಟಡ ಉಬುಂಟುವಿನದೇ, ಬೆಂಬಲ 2029ರ ತನಕ; ಎಡಮೂಲೆಯ ಮೆನು, ಕೆಳಗಿನ ಪಟ್ಟಿ ಮಾಷ್ಟ್ರ ಕಣ್ಣಿಗೆ ಪರಿಚಿತ. ಮೊಮ್ಮಗಳು ಮುಖ ಸಣ್ಣದು ಮಾಡಿದಳು. ತನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಆರ್ಚ್ ಹಾಕಿಕೊಳ್ಳಲು ಅನುಮತಿ ಸಿಕ್ಕಿದ ಮೇಲೆ ಸರಿಹೋದಳು.

ಅಳಿಯ ಮೊದಲು 83 ಕಡತಗಳನ್ನೂ ಎರಡು ಪೆನ್‌ಡ್ರೈವುಗಳಿಗೆ ಪ್ರತಿ ತೆಗೆದು, ಒಂದನ್ನು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಇರಿಸಿದ. ಇದನ್ನು ಮಾಡದೆ ಮುಂದುವರಿದು ಕಣ್ಣೀರು ಹಾಕಿದವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಬಳಿಕ ಮೂರನೆಯ ಪೆನ್‌ಡ್ರೈವಿನಿಂದಲೇ ಮಿಂಟನ್ನು ನಡೆಸಿ ನೋಡಿದರು. ಲಿನಕ್ಸಿನ ದೊಡ್ಡ ಉಪಕಾರ ಇದು: ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ ನೆಂಟರಂತೆ ಬಂದು ಕುಳಿತು, ಮನೆ ಒಗ್ಗುವುದೋ ಎಂದು ತಿಳಿಸುತ್ತದೆ. ಧ್ವನಿ ಬಂತು, ಕ್ಯಾಮೆರಾದಲ್ಲಿ ಮೂರು ಮುಖ ಕಂಡಿತು, ಮುಚ್ಚಳ ಮುಚ್ಚಿದರೆ ನಿದ್ರಿಸಿ ತೆರೆದರೆ ಎದ್ದಿತು. ವೈಫೈ ಮಾತ್ರ ಇಲ್ಲ.

“ಬಸ್ಸು ಉಂಟು, ಡ್ರೈವರ್ ಇಲ್ಲ” ಎಂದ ಅಳಿಯ.

ವೈಫೈ ಚಿಪ್ ಮಾಡಿದ ಕಂಪನಿ ಅದನ್ನು ಓಡಿಸುವ ತಂತ್ರಾಂಶವನ್ನು ಮುಕ್ತವಾಗಿ ಕೊಟ್ಟಿರಲಿಲ್ಲ. ಮುಕ್ತ ತಂತ್ರಾಂಶದವರು ಅಂಥ ಗುಟ್ಟಿನ ತುಣುಕುಗಳನ್ನು ತಮ್ಮ ಕಟ್ಟಿನಲ್ಲಿ ಸೇರಿಸಬೇಕೋ ಬೇಡವೋ ಎಂದು ವರ್ಷಗಟ್ಟಲೆ ವಾದಿಸಿದ್ದಾರೆ. ಡೆಬಿಯನ್ನಿನವರು 2022ರಲ್ಲಿ ಮತ ಹಾಕಿ, 2023ರ 12ನೆಯ ಆವೃತ್ತಿಯಿಂದ ಫರ್ಮ್‌ವೇರುಗಳನ್ನು ಅನುಸ್ಥಾಪನೆಯ ಜೊತೆಗೇ ಕೊಡತೊಡಗಿದರು. ತತ್ತ್ವ ಸ್ವಲ್ಪ ಬಾಗಿತು, ಬಳಕೆದಾರ ಉಳಿದ. ಮಾಷ್ಟ್ರ ಚಿಪ್ಪಿಗೆ ಮಾತ್ರ ಡ್ರೈವರನ್ನು ಅಂತರ್ಜಾಲದಿಂದಲೇ ತರಬೇಕು. ಅಂತರ್ಜಾಲಕ್ಕೆ ಹೋಗಲು ಆ ಚಿಪ್ಪೇ ಬೇಕು! ಮೊಮ್ಮಗಳು ತನ್ನ ಫೋನನ್ನು ಯುಎಸ್‌ಬಿ ತಂತಿಯಿಂದ ಸಿಕ್ಕಿಸಿ ಅದರ ಸಂಪರ್ಕವನ್ನು ಯಂತ್ರಕ್ಕೆ ಹಂಚಿದಳು. ಅನುಸ್ಥಾಪನೆ ಮುಗಿಸಿ ‘ಡ್ರೈವರ್ ಮ್ಯಾನೇಜರ್’ ತೆರೆದಾಗ ಅದು ತಾನಾಗಿಯೇ ಬೇಕಾದದ್ದನ್ನು ತೋರಿಸಿತು. ಮರಳಿ ಚಾಲೂ ಮಾಡುವಾಗ ಒಂದು ನೀಲಿ ಪರದೆ ಎದ್ದು ಗುಪ್ತಪದ ಕೇಳಿತು. ಮಾಷ್ಟ್ರು ಹೆದರಿ ಕೈ ಹಿಂದೆಗೆದರು. ಅದು ಸೆಕ್ಯೂರ್ ಬೂಟಿನ ಕಾವಲುಗಾರ, ಹೊಸ ಡ್ರೈವರನ್ನು ಒಳಗೆ ಬಿಡಲು ಯಜಮಾನನ ಒಪ್ಪಿಗೆ ಕೇಳುತ್ತಾನೆ, ಅಷ್ಟೇ.

ವೈಫೈ ಬಂತು. ಎಲ್ಲರೂ ಚಹಾ ಕುಡಿದರು. ಮಾಷ್ಟ್ರು ಮೊದಲನೆಯ ಕಡತವನ್ನು ತೆರೆಯಲು ಹೇಳಿದರು.

ಪರದೆಯ ತುಂಬ ಇಂಗ್ಲಿಷಿನ ಮುರುಕು ಅಕ್ಷರಗಳು, ತಲೆಯ ಮೇಲೆ ಚುಕ್ಕೆ ಗೀಟುಗಳು. ಒಂದು ಕನ್ನಡ ಅಕ್ಷರವಿಲ್ಲ. ಎರಡನೆಯದೂ ಹಾಗೆಯೇ, ಹತ್ತನೆಯದೂ ಹಾಗೆಯೇ. ಯಾರೂ ಮಾತಾಡಲಿಲ್ಲ. ಮಾಷ್ಟ್ರು ಎದ್ದು ಅಂಗಳಕ್ಕೆ ಹೋಗಿ, ಒಣಗಲು ಹರವಿದ ಅಡಿಕೆಯನ್ನು ಕಾಲಿನಿಂದ ಸುಮ್ಮನೆ ಕೆದಕುತ್ತ ನಿಂತರು.

ಅಳಿಯನಿಗೆ ಕಾರಣ ಹೊಳೆಯಲು ಅರ್ಧ ಗಂಟೆ ಬೇಕಾಯಿತು. ಆಕೆ ಬರೆದದ್ದು ಹಳೆಯ ನುಡಿಯಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದರು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಗೊಂದಲ. ಬೇರೆ ಗಣಕದಿಂದ ಫಾಂಟಿನ ಕಡತವನ್ನು ತಂದು ಅದರ ಸ್ಥಾನದಲ್ಲಿ ಇಟ್ಟು ಮತ್ತೆ ತೆರೆದ.

“ಅಜ್ಜ, ಬನ್ನಿ! ಅಜ್ಜಿಯ ಒಂದೆಲಗದ ತಂಬುಳಿ!”

ಮಾಷ್ಟ್ರು ಬಂದು ಕನ್ನಡಕ ಹಾಕಿ ಓದಿದರು. “ಜೀರಿಗೆ ಹುರಿಯುವಾಗ ಮಾತಾಡುತ್ತ ನಿಲ್ಲಬಾರದು, ಕರಟುತ್ತದೆ” ಎಂದಿತ್ತು. “ಇದು ನನಗೆ ಹೇಳಿದ್ದು” ಎಂದರು.

ಫಾಂಟು ತಾತ್ಕಾಲಿಕ ಚಿಕಿತ್ಸೆ. ಶಾಶ್ವತವಾಗಿ ಉಳಿಯಬೇಕಾದರೆ ಯೂನಿಕೋಡಿಗೆ ಬದಲಿಸಬೇಕು. ಅದಕ್ಕೆ ಕನ್ನಡದ ಸ್ವಯಂಸೇವಕರು ಬರೆದಿಟ್ಟ ಪರಿವರ್ತಕಗಳುಂಟು. ಅರ್ಕಾವೊತ್ತು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಜಾರಿತು, ಕೆಲವು ಒತ್ತಕ್ಷರಗಳು ಕಳಚಿದುವು. ಅವನ್ನು ತಿದ್ದುವ ಕೆಲಸವನ್ನು ಮಾಷ್ಟ್ರು ತಾವೇ ವಹಿಸಿಕೊಂಡರು. ಹೊಸ ಕೀಲಿಮಣೆಯನ್ನು ಕಲಿಯುವ ಶ್ರಮವೂ ಇರಲಿಲ್ಲ. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ರೂಪಿಸಿದ, ನುಡಿಯಲ್ಲಿ ಬಳಕೆಯಾದ ವಿನ್ಯಾಸವೇ ಲಿನಕ್ಸಿನಲ್ಲಿಯೂ ‘ಕೆಜಿಪಿ’ ಎಂಬ ಹೆಸರಿನಲ್ಲಿದೆ. ಐಬಸ್ ಎಂಬ ಸಲಕರಣೆಯಲ್ಲಿ ಅದನ್ನು ಆರಿಸಿಕೊಂಡರೆ ಬೆರಳುಗಳು ಹಳೆಯ ದಾರಿಯಲ್ಲಿಯೇ ನಡೆಯುತ್ತವೆ. ದಿನಕ್ಕೆ ಒಂದು ಕಡತ, ಬೆಳಗಿನ ಕಾಫಿಯ ಮೇಲೆ. ಪರಿವರ್ತಕ ತಪ್ಪಿದ್ದನ್ನು ತಿದ್ದಿದರು. ಹೆಂಡತಿಯ ಕಾಗುಣಿತವನ್ನು ತಿದ್ದಲಿಲ್ಲ. ಮೂವತ್ತೈದು ವರ್ಷ ಮಕ್ಕಳ ಕಾಪಿ ತಿದ್ದಿದ ಕೈಗೆ ಅದು ಸುಲಭವಲ್ಲ.

ಮುದ್ರಣಯಂತ್ರ ಮಾತ್ರ ಕೊನೆಗೂ ಬಗ್ಗಲಿಲ್ಲ. ವಿಂಡೋಸಿಗಾಗಿಯೇ ಮಾಡಿದ ಹಳೆಯ ಲೇಸರ್ ಅದು; ಅಳಿಯ ಎರಡು ಭಾನುವಾರ ಅದರ ಮುಂದೆ ಕುಳಿತು ಎದ್ದ. ಒಮ್ಮೆ ಅರ್ಧ ಹಾಳೆ ಅಚ್ಚಾಗಿ ಬಂತು, ಮತ್ತೆ ಬರಲಿಲ್ಲ. ಅಚ್ಚು ಬೇಕಾದಾಗ ಮಾಷ್ಟ್ರು ಕಡತವನ್ನು ಪಿಡಿಎಫ್ ಮಾಡಿ, ಪೆನ್‌ಡ್ರೈವನ್ನು ಅಂಗಿಯ ಕಿಸೆಯಲ್ಲಿಟ್ಟು ಪೇಟೆಯ ಜೆರಾಕ್ಸ್ ಅಂಗಡಿಗೆ ನಡೆದು ಹೋಗುತ್ತಾರೆ.

ನಲವತ್ತೊಂದನೆಯ ಕಡತದ ದಿನ ಪೂರ್ವದ ಗುಡ್ಡದ ಕಡೆ ಅಕಾಲದ ಗುಡುಗು ಕೇಳಿಸಿತು. ಹಿಂದೆ ಎರಡು ಮೋಡೆಮುಗಳನ್ನು ಸಿಡಿಲಿಗೆ ಕೊಟ್ಟ ಮನೆ ಅದು. ಮಾಷ್ಟ್ರು ಬರೆದದ್ದನ್ನು ಉಳಿಸಿ, ಚಾರ್ಜರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅಂಗಳದ ಅಡಿಕೆ ಬಾಚಲು ಓಡಿದರು.