ಜೋಡಿ ಇಲ್ಲದ ಪೈಲ್ವಾನ

ಕುಸ್ತಿಗೆ ಕಲ್ಲೆದೆಯವನೇ ಬೇಕು ಎಂಬ ನಂಬಿಕೆಯ ಮೇಲೆ ನಾನು ಹಲವು ವರ್ಷ ಹುಡುಗರನ್ನು ಆರಿಸಿದೆ. ಹೊಸಪೇಟೆಯಲ್ಲಿ ದೈಹಿಕ ಶಿಕ್ಷಕನ ಕೆಲಸ. ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ ಗರಡಿ. ಎದುರಾಳಿ ನರಳಿದರೆ ಕೈ ಸಡಿಲಿಸುವವನು ನನ್ನ ಕಣ್ಣಿಗೆ ಅರ್ಧ ಪೈಲ್ವಾನ. ನರಳಾಟ ಕೇಳಿಯೂ ಪಟ್ಟು ಬಿಗಿ ಮಾಡುವವನು ಪೂರಾ ಪೈಲ್ವಾನ. ಈ ಲೆಕ್ಕ ತಪ್ಪೆಂದು ಗೊತ್ತಾಗುವ ಹೊತ್ತಿಗೆ ಒಬ್ಬ ಹುಡುಗನ ಮೊಣಕೈ ಕೀಲು ತಪ್ಪಿತ್ತು, ಇನ್ನೊಬ್ಬನ ಕುಸ್ತಿ ಮುಗಿದಿತ್ತು, ಮೂರನೆಯವನು ನನ್ನ ಗರಡಿಯನ್ನೇ ಬಿಟ್ಟಿದ್ದ.

ನಂಬಿಕೆಗೆ ನಾನು ಚರಿತ್ರೆಯ ಬೆಂಬಲವನ್ನೂ ಹುಡುಕಿಕೊಂಡಿದ್ದೆ. ಹುಡುಗರನ್ನು ಹಂಪಿಗೆ ಕರೆದೊಯ್ದಾಗ ಮಹಾನವಮಿ ದಿಬ್ಬದ ಮುಂದೆ ನಿಲ್ಲಿಸಿ, ಕಲ್ಲಿನಲ್ಲಿ ಕೆತ್ತಿದ ಜಟ್ಟಿಗಳನ್ನು ತೋರಿಸುತ್ತಿದ್ದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಕುಸ್ತಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ: ಹಲ್ಲು ಉದುರುವ, ಕಣ್ಣು ಹೋಗುವ, ಮುಖ ಕೆಡುವ ಹೊಡೆತಗಳು, ಮಾತು ನಿಂತವರನ್ನು ಗೆಳೆಯರು ಎತ್ತಿಕೊಂಡು ಹೋಗುತ್ತಿದ್ದರು. ಇಷ್ಟನ್ನು ಬಣ್ಣ ಕಟ್ಟಿ ಹೇಳುತ್ತಿದ್ದೆ. ಕಣದಲ್ಲಿ ನಾಯಕರೂ ತೀರ್ಪುಗಾರರೂ ಇದ್ದು ಇಬ್ಬರನ್ನೂ ಸರಿಸಮನಾಗಿ ನಿಲ್ಲಿಸುತ್ತಿದ್ದರು ಎಂದು ಅವನೇ ಅದರ ಬೆನ್ನಿಗೆ ಬರೆದ ಮಾತನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ. ನನಗೆ ಬೇಕಾದದ್ದು ಹಲ್ಲು ಉದುರಿದ ಕಥೆ.

ಆ ವರ್ಷಗಳಲ್ಲಿ ನನ್ನ ಬಳಿ ಇಬ್ಬರು ಒಳ್ಳೆಯ ಹುಡುಗರಿದ್ದರು. ಒಬ್ಬ ಸಂಡೂರು ಕಡೆಯವನು, ಅಪ್ಪ ಗಣಿ ಲಾರಿ ಓಡಿಸುತ್ತಿದ್ದ. ಬಂದ ದಿನವೇ ತನಗಿಂತ ದಪ್ಪಗಿದ್ದವನನ್ನು ತೋರಿಸಿ, ‘ಇವನ ಜೊತಿ ಬಿಡ್ರಿ ಸಾರ್’ ಎಂದ. ಹೆದರಿಕೆ ಅನ್ನುವುದು ಅವನ ಮೈಯಲ್ಲೇ ಇರಲಿಲ್ಲ. ಇನ್ನೊಬ್ಬ ಕಂಪ್ಲಿಯ ಭತ್ತದ ಗದ್ದೆಯವರ ಮಗ. ಕುಸ್ತಿಗೆ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದ. ಎದುರಾಳಿ ಯಾರು, ಯಾವ ಕಾಲು ಮುಂದಿಡುತ್ತಾನೆ, ಹೋದ ಸಲ ಯಾರ ಕೈಲಿ ಸೋತ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತ ಸುತ್ತುತ್ತಿದ್ದ. ಅದನ್ನು ನಾನು ಪುಕ್ಕಲುತನ ಅಂದುಕೊಂಡೆ. ಸಂಡೂರಿನವನನ್ನು ಉಳಿದ ಹುಡುಗರು ‘ಸೈಕೋ’ ಎಂದು ಕರೆಯುತ್ತಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು. ಬೈಯಲಿಲ್ಲ, ಒಳಗೊಳಗೇ ಖುಷಿಪಟ್ಟೆ.

ಮೊದಮೊದಲು ನನ್ನ ಲೆಕ್ಕವೇ ಸರಿ ಅನಿಸುವಂತೆ ನಡೆಯಿತು. ತಾಲ್ಲೂಕು ಮಟ್ಟದಲ್ಲಿ ಸಂಡೂರಿನವನ ಮುಖ ನೋಡಿಯೇ ಎದುರಾಳಿಗಳು ಅರ್ಧ ಸೋಲುತ್ತಿದ್ದರು. ಜಿಲ್ಲಾ ಮಟ್ಟಕ್ಕೆ ಹೋದಾಗ ಮುಖ ನೋಡಿ ಹೆದರುವವರು ಇರಲಿಲ್ಲ. ಇವನು ತಲೆ ತಗ್ಗಿಸಿ ಕಾಲಿಗೆ ನುಗ್ಗುತ್ತಿದ್ದ; ಎದುರಾಳಿ ಅರೆ ಹೆಜ್ಜೆ ಪಕ್ಕಕ್ಕೆ ಸರಿದು, ಕುತ್ತಿಗೆಯ ಮೇಲೆ ಭಾರ ಹಾಕಿ, ಬೆನ್ನ ಹಿಂದೆ ಹೋಗುತ್ತಿದ್ದ. ಮುಂದಿನ ಪಂದ್ಯದಲ್ಲೂ ಅದೇ ನುಗ್ಗು, ಅದೇ ಸೋಲು. ಸೋತು ಬಂದವನ ಮುಖದಲ್ಲಿ ಬೇಸರವೇ ಇರುತ್ತಿರಲಿಲ್ಲ. ಮೈ ಒರೆಸಿಕೊಂಡು ಮಂಡಕ್ಕಿ ತಿನ್ನಲು ಕೂರುತ್ತಿದ್ದ. ಎಂಥ ಮನೋಬಲ ಎಂದು ನಾನು ಬೇರೆ ಹುಡುಗರಿಗೆ ತೋರಿಸಿ ಹೇಳುತ್ತಿದ್ದೆ. ಸೋಲು ಅವನಿಗೆ ಏನನ್ನೂ ಕಲಿಸುತ್ತಿಲ್ಲ ಎಂಬುದು ಎದುರಿಗೇ ನಡೆಯುತ್ತಿದ್ದರೂ ನನಗೆ ಕಾಣಲಿಲ್ಲ.

ಗರಡಿಯಲ್ಲಿ ಇನ್ನೊಂದು ಕೆಡುಕು ಸದ್ದಿಲ್ಲದೆ ಬೆಳೆಯುತ್ತಿತ್ತು. ಕುಸ್ತಿಯ ಪಟ್ಟು ಪುಸ್ತಕದಿಂದ ಬರುವುದಿಲ್ಲ, ಒಂಟಿಯಾಗಿ ದಂಡ ಬಸ್ಕಿ ಹೊಡೆದರೂ ಬರುವುದಿಲ್ಲ. ಒಬ್ಬ ತನ್ನ ಮೈಯನ್ನು ಇನ್ನೊಬ್ಬನ ಕೈಗೆ ಕೊಡಬೇಕು. ಬಿದ್ದು, ಎದ್ದು, ‘ಈಗ ಬಿಗಿ ಸಾಲದು, ಮತ್ತೆ ಹಾಕು’ ಅನ್ನಬೇಕು. ಅವನೇ ಜೋಡಿ. ಸಂಡೂರಿನವನು ತಾಲೀಮಿನಲ್ಲೂ ಪಂದ್ಯದ ಹಾಗೇ ತಿರುಚುತ್ತಿದ್ದ. ಒಬ್ಬನಿಗೆ ಬೆರಳು ನೋವು ಬಂತು, ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಇದ್ದಕ್ಕಿದ್ದ ಹಾಗೆ ಟ್ಯೂಷನ್. ಕೊನೆಕೊನೆಗೆ ಅವನು ಹಗ್ಗ ಹತ್ತಿ ಇಳಿಯುತ್ತ ಒಬ್ಬನೇ ಬೆವರು ಸುರಿಸುತ್ತಿದ್ದ. ಕೃಷ್ಣದೇವರಾಯನ ಬೆಳಗಿನ ಸಾಮನ್ನು ಪಾಯಸ್ ವರ್ಣಿಸಿದ್ದಾನೆ: ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿ, ಮಣ್ಣಿನ ಭಾರ ಎತ್ತಿ, ಕತ್ತಿ ಬೀಸಿ ಬೆವರಿಳಿಸಿ, ಆಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನ ಜೊತೆ ಕುಸ್ತಿ. ಭಾರ ಎತ್ತುವುದು, ಕತ್ತಿ ಬೀಸುವುದು ರಾಜ ಒಬ್ಬನೇ ಮಾಡಬಹುದು. ಕುಸ್ತಿಗೆ ಮಾತ್ರ ಅವನಿಗೂ ಇನ್ನೊಂದು ಮೈ ಬೇಕಾಯಿತು.

ಕಂಪ್ಲಿ ಕಡೆಯ ಒಂದು ಊರಿನ ಜಾತ್ರೆಯಲ್ಲಿ ಬೆಳ್ಳಿ ಕಡಗದ ಕುಸ್ತಿ ಇತ್ತು. ಕಣಕ್ಕೆ ಇಳಿಯುವ ಮುಂಚೆ ಅವನ ಭುಜ ತಟ್ಟಿ, ‘ಅವನ ನೋವು ನಿನಗೆ ಲೆಕ್ಕ ಇರಬಾರದು’ ಎಂದೆ. ಆ ಮಾತು ನನ್ನದೇ, ನನ್ನ ಬಾಯಿಂದಲೇ ಬಂದದ್ದು. ಹಲಗೆಯ ಬಡಿತ ಜೋರಾಗಿತ್ತು. ಅಂದು ಅವನ ನುಗ್ಗು ಫಲಿಸಿತು. ಎದುರಾಳಿಯ ಎರಡೂ ಭುಜ ಮಣ್ಣಿಗೆ ತಾಗಿದವು. ಪಂಚರು ಸೀಟಿ ಊದಿ ಕೈ ಎತ್ತಿದರು. ಇವನು ಮುಂಗೈ ಬಿಡಲಿಲ್ಲ. ಮೊಣಕಾಲನ್ನು ಪಕ್ಕೆಗೆ ಊರಿ, ಅರ್ಧ ಸುತ್ತು ತಿರುಗಿಸಿದ. ಕೀಲು ತಪ್ಪಿದ ಸದ್ದು ಹಲಗೆಯ ನಡುವೆಯೂ ಕೇಳಿಸಿತು. ಆ ಊರಿನವರು ಕಣಕ್ಕೆ ನುಗ್ಗಿದರು. ನಾನು ಅಡ್ಡ ನಿಂತು ನಾಲ್ಕು ಏಟು ತಿಂದೆ. ನನ್ನ ಬೆನ್ನ ಹಿಂದೆ ನಿಂತ ಹುಡುಗ ಉಸಿರೂ ಏರಿಸದೆ ಕೇಳಿದ: ‘ಸಾರ್, ಕಡಗ ಕೊಡ್ತಾರಾ?’

ಕಡಗ ಕೊಡಲಿಲ್ಲ. ಆ ಸುತ್ತಿನ ಜಾತ್ರೆಗಳಲ್ಲಿ ಅವನಿಗೆ ಜೋಡಿ ಕಟ್ಟುವುದನ್ನೇ ಬಿಟ್ಟರು. ನನಗೆ ಕುಸ್ತಿ ಕಲಿಸಿದ ಉಸ್ತಾದರಿಗೆ ಸುದ್ದಿ ಮುಟ್ಟಿತು. ಮನೆಗೆ ಕರೆಸಿ ಚಹಾ ಕೊಟ್ಟು, ಬೈಯದೆಯೇ ಹೇಳಿದರು: ‘ಮೇಷ್ಟ್ರೇ, ಕೈ ಮುರಿಯಾಕ ಉಸ್ತಾದ ಬ್ಯಾಡ. ಮುರೀದಂಗ ಕೆಡವಾಕ ಉಸ್ತಾದ ಬೇಕು.’

ಅವನು ಹುಟ್ಟಾ ಸೈಕೋ, ನನ್ನದೇನು ತಪ್ಪು ಎಂದು ಜಾರಿಕೊಳ್ಳುವ ಆಸೆಯಿಂದಲೇ ನಾನು ಆ ವಿಷಯ ಓದಲು ಶುರು ಮಾಡಿದೆ. ಓದಿದಷ್ಟೂ ಜಾರುವ ದಾರಿ ಮುಚ್ಚುತ್ತ ಹೋಯಿತು. ಸೈಕೋಪಾತ್‌ಗಳನ್ನು ಗುರುತಿಸಲು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ರೂಪಿಸಿದ ಅಳತೆಪಟ್ಟಿಯಲ್ಲಿ 20 ಲಕ್ಷಣಗಳಿವೆ, ಒಟ್ಟು 40 ಅಂಕ. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ 30 ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಸೈಕೋಪಾತ್ ಎನ್ನುತ್ತಾರೆ. ತರಬೇತಿ ಪಡೆದವರು ಕಡತ ನೋಡಿ, ಸಂದರ್ಶನ ಮಾಡಿ ಹಾಕುವ ಅಂಕ ಅದು, ಗರಡಿಯ ಕಟ್ಟೆ ಮೇಲೆ ಕೂತ ಮೇಷ್ಟ್ರು ಹಾಕುವುದಲ್ಲ. 2009ರಲ್ಲಿ ಕ್ರಿಸ್ಟೋಫರ್ ಪ್ಯಾಟ್ರಿಕ್ ಮತ್ತು ಸಂಗಡಿಗರು ಈ ಗುಣವನ್ನು ಮೂರು ಎಳೆಗಳಾಗಿ ಬಿಡಿಸಿದರು: ಎದೆಗಾರಿಕೆ, ಕಟುಕತನ, ತನ್ನನ್ನು ತಾನು ತಡೆದುಕೊಳ್ಳಲಾಗದಿರುವುದು. ನಾನು ಈ ಮೂರನ್ನೂ ಒಂದೇ ಎಂದುಕೊಂಡು, ಮೊದಲನೆಯದಕ್ಕೆ ಆಸೆಪಟ್ಟು ಉಳಿದೆರಡಕ್ಕೂ ನೀರೆರೆದಿದ್ದೆ.

ನನ್ನ ಕಣ್ಣು ತೆರೆಸಿದ್ದು ಎರಡು ಹಳೆಯ ಪ್ರಯೋಗಗಳು. 1957ರಲ್ಲಿ ಅಮೆರಿಕದ ಡೇವಿಡ್ ಲಿಕ್ಕೆನ್, ಸನ್ನೆಕೋಲುಗಳನ್ನು ಒತ್ತುತ್ತ ಸರಿದಾರಿ ಹುಡುಕುವ ಒಂದು ಆಟ ಕಟ್ಟಿದರು. ಕೆಲವು ತಪ್ಪು ಸನ್ನೆಕೋಲುಗಳಿಗೆ ವಿದ್ಯುತ್ತಿನ ಶಾಕ್. ಸೈಕೋಪಾತ್‌ಗಳು ದಾರಿಯನ್ನೇನೋ ಬೇರೆಯವರಷ್ಟೇ ಚೆನ್ನಾಗಿ ಕಲಿತರು. ಶಾಕ್ ಹೊಡೆಯುವ ಸನ್ನೆಕೋಲನ್ನು ಬಿಡಲು ಮಾತ್ರ ಅಷ್ಟಾಗಿ ಕಲಿಯಲಿಲ್ಲ. 1987ರಲ್ಲಿ ಜೋಸೆಫ್ ನ್ಯೂಮನ್ ಮತ್ತು ಸಂಗಡಿಗರು ಜೈಲಿನ ಕೈದಿಗಳಿಗೆ ಇಸ್ಪೀಟಿನಂಥ ಆಟ ಕೊಟ್ಟರು. ಮೊದಲ ಹತ್ತು ಎಲೆಗಳಲ್ಲಿ ಒಂಬತ್ತು ಗೆಲುವಿನವು, ಮುಂದಿನ ಹತ್ತರಲ್ಲಿ ಎಂಟು. ಹೀಗೆ ಇಳಿಯುತ್ತ ಕೊನೆಗೆ ಬರೀ ಸೋಲು. ಬೇರೆಯವರು ನಡುವೆ ಕೈಬಿಟ್ಟರೆ ಸೈಕೋಪಾತ್‌ಗಳು ಕೈಲಿದ್ದ ಹಣ ಕರಗುತ್ತಿದ್ದರೂ ಎಲೆ ಎತ್ತುತ್ತಲೇ ಹೋದರು. ಜಿಲ್ಲಾ ಮಟ್ಟದಲ್ಲಿ ಮತ್ತೆ ಮತ್ತೆ ಕಾಲಿಗೇ ನುಗ್ಗಿದ ನನ್ನ ಹುಡುಗ ಕಣ್ಣ ಮುಂದೆ ಬಂದ. ಅದೇ ಪ್ರಯೋಗಕ್ಕೆ ಇನ್ನೊಂದು ಭಾಗವಿತ್ತು. ಪ್ರತಿ ಎಲೆಯ ನಂತರ ಗೆಲುವು ಸೋಲಿನ ಲೆಕ್ಕ ತೋರಿಸಿ, ಐದು ಸೆಕೆಂಡು ಕಡ್ಡಾಯವಾಗಿ ಕಾಯಿಸಿದಾಗ ಅವರೂ ಬೇರೆಯವರ ಹಾಗೆ ಆಟ ನಿಲ್ಲಿಸಿದರು. ಐದೇ ಸೆಕೆಂಡು. ಅದನ್ನೂ ನಾನು ಆ ಹುಡುಗನಿಗೆ ಕೊಟ್ಟಿರಲಿಲ್ಲ. ಸೋತು ಬಂದರೆ ‘ಏಳು, ಮತ್ತೆ ನುಗ್ಗು’ ಅನ್ನುತ್ತಿದ್ದೆ.

ಹಾಗಾದರೆ ಈ ಗುಣ ಕುಸ್ತಿಗೆ, ಬಾಕ್ಸಿಂಗಿಗೆ ಒಳ್ಳೆಯದೋ ಕೆಟ್ಟದ್ದೋ? ನಾನು ಕಂಡದ್ದರ ಮೇಲೆ ಹೇಳುವುದಾದರೆ, ಮೊದಲ ಕೆಲವು ಪಂದ್ಯಗಳಿಗೆ ಒಳ್ಳೆಯದು. ಜನ ಕೂಗುವಾಗ ಕೈ ನಡುಗದಿರುವುದು ದೊಡ್ಡ ಲಾಭ. ಆದರೆ ಆ ಲಾಭಕ್ಕೆ ಹೆದರಿಕೆಯೇ ಇಲ್ಲದವನಾಗಿ ಹುಟ್ಟಬೇಕಿಲ್ಲ. ಮೈಕ್ ಟೈಸನ್ ರಿಂಗಿಗೆ ನಡೆದು ಹೋಗುವಾಗ ತನ್ನೊಳಗೆ ಎಷ್ಟು ಭಯವಿರುತ್ತಿತ್ತು ಎಂದು ತಾನೇ ಹೇಳಿಕೊಂಡಿದ್ದಾನೆ; ಅವನ ಗುರು ಕಸ್ ಡಮಾಟೊ ಕಲಿಸಿದ್ದೇ ಭಯವನ್ನು ಪಳಗಿಸುವುದನ್ನು. ಅದೇ ಟೈಸನ್ 1997ರ ಜೂನ್ 28ರಂದು ಲಾಸ್ ವೇಗಸ್‌ನಲ್ಲಿ ತಡೆ ಕಳೆದುಕೊಂಡು ಎದುರಾಳಿ ಹೋಲಿಫೀಲ್ಡ್‌ನ ಕಿವಿ ಕಚ್ಚಿದ. ಪಂದ್ಯ ಹೋಯಿತು, ಲೈಸೆನ್ಸ್ ಹೋಯಿತು, 30 ಲಕ್ಷ ಡಾಲರ್ ದಂಡ ಬಿತ್ತು. ಎದೆಗಾರಿಕೆಯನ್ನು ಕಲಿಸಬಹುದು. ಕಟುಕತನ ಜೋಡಿಯನ್ನು ಓಡಿಸುತ್ತದೆ, ತಡೆಯಿಲ್ಲದ ಕೈ ಪಂದ್ಯವನ್ನೇ ಕಳೆಯುತ್ತದೆ.

ಆ ಹುಡುಗ ನಿಜಕ್ಕೂ ಅಂಥವನೇ? ಜಾತ್ರೆಯಾದ ಕೆಲವು ದಿನಕ್ಕೆ ಅವನ ಅಪ್ಪ ಶಾಲೆಯ ಗೇಟಿನ ಹತ್ತಿರ ಬಂದು ನಿಂತರು. ಬನಿಯನ್ ತುಂಬ ಅದಿರಿನ ಕೆಂಪು ದೂಳು. ‘ನನ್ ಮಗ ಕೆಟ್ಟೋನೇನ್ರಿ ಸಾರ್? ಮನ್ಯಾಗ ತಂಗೀನ ಎತ್ಕೊಂಡೇ ತಿರುಗ್ತಾನ’ ಎಂದರು. ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಹೇಳಬೇಕಾದ ಮಾತು ಬೇರೆ ಇತ್ತು: ನಿಮ್ಮ ಮಗನಿಗೆ ಹೆದರಿಕೆ ಕಡಿಮೆ ಇತ್ತು, ಅಷ್ಟೇ, ಅವನು ತಿರುಚಿದಾಗಲೆಲ್ಲ ‘ಶಭಾಷ್’ ಎಂದವನು ನಾನು. ಹದಿನಾರರ ಹುಡುಗನಿಗೆ ಗುರುವಿನ ಶಭಾಷ್‌ಗಿಂತ ದೊಡ್ಡ ಕಡಗ ಇಲ್ಲ. ಅವನು ಗರಡಿಗೆ ಮತ್ತೆ ಬರಲಿಲ್ಲ.

ಕಂಪ್ಲಿಯ ಹುಡುಗನನ್ನು ಅದಕ್ಕೂ ಮೊದಲೇ ಕಳೆದುಕೊಂಡಿದ್ದೆ. ‘ವಾಂತಿ ಪೈಲ್ವಾನ’ ಎಂದು ನಾನೇ ನಕ್ಕಿದ್ದೆ. ಬೇರೆ ಗರಡಿ ಸೇರಿದ. ಅವನ ಹೆದರಿಕೆ ಅವನನ್ನು ಎದುರಾಳಿಯ ಕಾಲು ನೋಡುವಂತೆ ಮಾಡುತ್ತಿತ್ತು, ಸೋಲನ್ನು ರಾತ್ರಿಯೆಲ್ಲ ಮೆಲುಕು ಹಾಕಿಸುತ್ತಿತ್ತು. ಅವನು ಜಿಲ್ಲೆ ಗೆದ್ದು, ಕಲಬುರಗಿ ವಿಭಾಗವನ್ನೂ ದಾಟಿ ರಾಜ್ಯ ಮಟ್ಟಕ್ಕೆ ಹೋದದ್ದನ್ನು ಪೇಪರಿನಲ್ಲಿ ಓದಿದೆ. ಆಗಲೂ ವಾಂತಿ ನಿಂತಿರಲಿಲ್ಲವಂತೆ.

2018ರಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ ಎಲ್ಲಕ್ಕೂ ಮ್ಯಾಟು, ರಿಂಗು, ಕ್ರೀಡಾ ವಿಜ್ಞಾನ. ನನ್ನ ಗರಡಿಯಲ್ಲಿ ಇರುವುದು ಅರಿಸಿನ, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡಿದ ಮಣ್ಣು ಮಾತ್ರ. ಆದರೂ ಒಂದೆರಡು ನಿಯಮ ಮಾಡಿಕೊಂಡಿದ್ದೇನೆ. ಬಿದ್ದವನು ತಕ್ಷಣ ಏಳುವಂತಿಲ್ಲ. ಮಣ್ಣು ಮುಟ್ಟಿ, ಹೇಗೆ ಬಿದ್ದೆ ಎಂದು ತನ್ನ ಜೋಡಿಗೆ ಹೇಳಿ ಆಮೇಲೆ ಏಳಬೇಕು. ತಾಲೀಮಿನಲ್ಲಿ ಜೋಡಿಗೆ ನೋವಾದರೆ ಆ ದಿನ ಮಣ್ಣು ಅಗೆಯುವ ಸಲಿಕೆ ನೋವು ಮಾಡಿದವನ ಕೈಗೆ.

ಹೊಸ ಹುಡುಗ ಬಂದರೆ ಎಷ್ಟು ಜನರನ್ನು ಕೆಡವಿದ ಎಂದು ಈಗ ಎಣಿಸುವುದಿಲ್ಲ. ಇವತ್ತು ಅವನ ಕೈಲಿ ಬಿದ್ದವನು ನಾಳೆ ಮತ್ತೆ ಅವನನ್ನೇ ಜೋಡಿ ಕೇಳುತ್ತಾನೋ ಎಂದು ನೋಡುತ್ತೇನೆ. ಸಂಡೂರಿನ ಹುಡುಗನನ್ನು ಹಾಗೆ ನೋಡಿದ್ದರೆ ಮೊದಲ ತಿಂಗಳಲ್ಲೇ ಎಲ್ಲ ಗೊತ್ತಾಗುತ್ತಿತ್ತು. ಅವನನ್ನು ತಿದ್ದಲು ಆಗ ಸಮಯವೂ ಇತ್ತು.