ಮುಚ್ಚಳದ ತೂತು

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅರ್ಧ ಹತ್ತುವಷ್ಟರಲ್ಲಿ ನಮ್ಮ ಜೀಪು ನಿಲ್ಲುತ್ತಿತ್ತು. ಮೊದಲು ಎರಡು ಸಲ ಮಿಸ್ಸಿಂಗ್, ಆಮೇಲೆ ಎಷ್ಟು ರೇಸ್ ಕೊಟ್ಟರೂ ದಮ್ಮಿಲ್ಲ, ಕೊನೆಗೆ ಸದ್ದೇ ಇಲ್ಲ. ನಾನು ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಕಾಲು ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. 1983ರ ಮಾತು. ಉಡುಪಿಯಿಂದ ಸಾಮಾನು ಹೇರಿಕೊಂಡು ಬರುವಾಗಲೆಲ್ಲ ಇದೇ ಪಾಡು.

ಅಪ್ಪಯ್ಯ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ ವಿಲ್ಲಿಸ್ ಮಾದರಿಯ ಪೆಟ್ರೋಲ್ ಜೀಪು ಅದು. ನಾಲ್ಕು ಸಿಲಿಂಡರ್, 2.2 ಲೀಟರ್ ಇಂಜಿನ್. ಸುತ್ತಲಿನ ತೋಟದವರೆಲ್ಲ ಒಬ್ಬೊಬ್ಬರಾಗಿ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿಕೊಳ್ಳುತ್ತಿದ್ದ ಕಾಲ. ನಮಗೆ ಅಷ್ಟು ದುಡ್ಡಿರಲಿಲ್ಲ.

ನೋಡಿದವರೆಲ್ಲ ಹೇಳಿದ್ದು ಒಂದೇ: ಕಾರ್ಬೊರೇಟರ್. ಮೂರು ಸಲ ಬಿಚ್ಚಿ ತೊಳೆಸಿದ್ದಾಯಿತು. ಪ್ರತಿ ಸಲವೂ ಮನೆ ಅಂಗಳದಲ್ಲಿ ಚೆನ್ನಾಗಿಯೇ ಓಡಿ ಘಾಟಿಯಲ್ಲಿ ಮತ್ತೆ ಕೈಕೊಟ್ಟಿತು. ಆಮೇಲೆ ಒಬ್ಬರು, ಇದು ವೇಪರ್ ಲಾಕ್, ಸೆಕೆಗೆ ಪೈಪಿನಲ್ಲೇ ಪೆಟ್ರೋಲ್ ಕುದಿದು ಆವಿಯಾಗ್ತದೆ ಅಂದರು. ಆ ಇಂಜಿನ್ನಿನಲ್ಲಿ ಅದು ಆಗಬಹುದಾದ ಕಾಯಿಲೆಯೇ. ಟ್ಯಾಂಕ್ ಕೆಳಗೆ, ಎಸಿ ಪಂಪ್ ಇಂಜಿನ್ ಪಕ್ಕಕ್ಕೆ ಅಂಟಿಕೊಂಡು ಮೇಲೆ. ಅದು ಪೆಟ್ರೋಲನ್ನು ಹೀರಿ ಎಳೆಯಬೇಕು. ಹೀರುವಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಪೆಟ್ರೋಲ್ ಬೇಗ ಕುದಿಯುತ್ತದೆ. ಹಾಗಾಗಿ ಒದ್ದೆ ಗೋಣಿಚೀಲ ಪಂಪಿಗೆ ಸುತ್ತಿಕೊಂಡು ಘಾಟಿ ಹತ್ತಿದೆವು. ಆದರೂ ನಿಂತಿತು.

ಕೊನೆಗೆ ಕೊಪ್ಪದ ಗ್ಯಾರೇಜಿನ ಸಾಯ್ಬ್ರ ಹತ್ತಿರ ಹೋದದ್ದು. ಅವರು ಸ್ಪ್ಯಾನರ್ ಮುಟ್ಟಲಿಲ್ಲ, ಬೀಡಿ ಆರಿಸಿ ಪ್ರಶ್ನೆ ಶುರುಮಾಡಿದರು.

"ಗೌಡ್ರೇ, ಬೆಳಿಗ್ಗೆ ಚೋಕ್ ಎಳೆದ್ರೆ ಸ್ಟಾರ್ಟ್ ಆಗ್ತದಾ?"

"ಆಗ್ತದೆ."

"ನಿಲ್ಲೋದು ಎಷ್ಟು ದೂರ ಓಡಿದ ಮೇಲೆ?"

"ಏಳೆಂಟು ಮೈಲಿ ಆದ್ಮೇಲೆ. ಬರೀ ಘಾಟಿ ಅಲ್ಲ ಸಾಯ್ಬ್ರೇ, ಒಮ್ಮೊಮ್ಮೆ ಬಯಲಲ್ಲೂ."

"ಮಳೆಗಾಲದಲ್ಲೂ ನಿಲ್ತದಾ?"

ಅಪ್ಪಯ್ಯ ಯೋಚಿಸಿದರು. ಹೌದು, ಆಷಾಢದ ಜಡಿಮಳೆಯಲ್ಲೂ ನಿಂತಿತ್ತು.

"ಹಾಗಾದ್ರೆ ಸೆಕೆ ಅಲ್ಲ. ಇನ್ನೊಮ್ಮೆ ನಿಂತ್ರೆ ಬಾನೆಟ್ ಎತ್ತಬೇಡಿ. ಟ್ಯಾಂಕಿನ ಮುಚ್ಚಳ ತೆಗೀರಿ, ಕಿವಿ ಹತ್ರ ಇಟ್ಕೊಳ್ಳಿ."

ಮುಂದಿನ ಸಲ ನಿಂತಾಗ ಮುಚ್ಚಳ ತಿರುಗಿಸಿದ್ದು ನಾನೇ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿದ್ದು ಈಗಲೂ ಕಿವಿಯಲ್ಲಿದೆ. ಪೆಟ್ರೋಲ್ ಹೊರಗೆ ಹೋದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಹಳೆಯ ಮುಚ್ಚಳ ಕಳೆದುಹೋಗಿ, ಅಪ್ಪಯ್ಯ ಪೇಟೆಯಿಂದ ತಂದು ಹಾಕಿದ್ದ ಹೊಸ ಮುಚ್ಚಳಕ್ಕೆ ಗಾಳಿಯ ತೂತೇ ಇರಲಿಲ್ಲ. ಓಡಿದಷ್ಟೂ ಒಳಗೆ ನಿರ್ವಾತ ಬೆಳೆದು, ಪಂಪು ಎಳೆದರೂ ಪೆಟ್ರೋಲ್ ಬರದಾಗುತ್ತಿತ್ತು. ನಿಲ್ಲಿಸಿದರೆ ವಾಷರಿನ ಸಂದಿಯಿಂದ ಗಾಳಿ ಮೆಲ್ಲನೆ ಇಳಿದು ಮತ್ತೆ ಸರಿ. ಅದಕ್ಕೇ ಆ ಕಾಲು ಗಂಟೆ. ಸಾಯ್ಬ್ರು ಮುಚ್ಚಳಕ್ಕೆ ಸಣ್ಣದೊಂದು ತೂತು ಕೊರೆದುಕೊಟ್ಟರು. ಜೀಪು ಮತ್ತೆ ಆ ಘಾಟಿಯಲ್ಲಿ ನಿಲ್ಲಲಿಲ್ಲ.

ಆ ಬೇಸಿಗೆಯಿಡೀ ನಾನು ಅವರ ಗ್ಯಾರೇಜಿನಲ್ಲೇ ಇದ್ದೆ. ಮೊದಲು ಕರೆಂಟ್, ಆಮೇಲೆ ಪೆಟ್ರೋಲ್, ಕಾರ್ಬೊರೇಟರ್ ಕೊನೆಗೆ. ಅವರ ಲೆಕ್ಕ ಅಷ್ಟೇ. ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ಕಿಡಿ ನೋಡುವುದು: ನೀಲಿ ಇದ್ದರೆ ಸರಿ, ಕೆಂಪಗೆ ಸೊರಗಿದ್ದರೆ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡೆಲ್ಕೋದ ಪಾಯಿಂಟು, ಕಂಡೆನ್ಸರ್ ನೋಡಬೇಕು. ಮಲೆನಾಡಿನ ಮಳೆಯಲ್ಲಿ ಎಷ್ಟೋ ಸಲ ಡೆಲ್ಕೋ ಮುಚ್ಚಳದೊಳಗಿನ ಪಸೆ ಒರೆಸಿದರೇ ಕೆಲಸ ಮುಗಿಯುತ್ತಿತ್ತು. ಪ್ಲಗ್ ಒದ್ದೆಯೋ ಒಣಗಿದೆಯೋ ಎಂಬುದು ಅದರ ಮುಂದಿನ ಪ್ರಶ್ನೆ. ಒದ್ದೆಯಾಗಿ ವಾಸನೆ ಬಂದರೆ ಓವರ್‌ಫ್ಲೋ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ.

ಆ ದಿನಗಳು ಬೇಕೆಂದು ನನಗೆ ಅನ್ನಿಸುವುದಿಲ್ಲ. ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುತ್ತಿದ್ದೆವು, ಅದರಲ್ಲೇ ಕೈ ತೊಳೆಯುತ್ತಿದ್ದೆವು. ಆಗಿನ ಪೆಟ್ರೋಲಿನಲ್ಲಿ ಸೀಸವಿತ್ತು. ದೇಶದಲ್ಲೆಲ್ಲ ಸೀಸ ನಿಂತದ್ದು 2000ದಲ್ಲಿ. ಇಂಜಿನ್ ಸ್ಟಾರ್ಟ್ ಮಾಡಲು ಮುಂದಿನಿಂದ ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಸುತ್ತಿ ಹಿಡಿಯಬಾರದು. ಟೈಮಿಂಗ್ ಮುಂದಿದ್ದರೆ ಇಂಜಿನ್ ಹಿಂದಕ್ಕೆ ಒದೆಯುತ್ತದೆ. ನಮ್ಮ ಆಳೊಬ್ಬನ ಮಣಿಕಟ್ಟು ಹಾಗೇ ಮುರಿಯಿತು. ಅತ್ತಿಗೆಗೆ ಹೆರಿಗೆ ನೋವು ಬಂದ ರಾತ್ರಿ ಅಪ್ಪಯ್ಯ ಮಳೆಯಲ್ಲಿ ನಲವತ್ತು ನಿಮಿಷ ಹ್ಯಾಂಡಲ್ ಹೊಡೆದರು. ಈಗ ಮಗ ಕೀಲಿ ತಿರುಗಿಸುತ್ತಾನೆ, ಕಾರು ಹೊರಡುತ್ತದೆ. ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲನ್ನು ಎಳೆಯುವ ಬದಲು ಒತ್ತಿ ಕಳಿಸುವುದರಿಂದ ವೇಪರ್ ಲಾಕಿನ ಮಾತೇ ಅಪರೂಪ.

ಆ ಕಾರೂ ಹೋದ ವರ್ಷ ಎಳೆಯದಾಯಿತು. ಸ್ಕ್ಯಾನರ್ ಹಾಕಿದ ಹುಡುಗ 'ಪಿ 0087' ಎಂದು ತೋರಿಸಿದ. ಪೆಟ್ರೋಲಿನ ಒತ್ತಡ ಕಡಿಮೆ ಎಂದರ್ಥ. ಯಾಕೆ ಕಡಿಮೆ? ಫಿಲ್ಟರ್ ಕಟ್ಟಿದೆಯೋ, ಪಂಪು ಸೋತಿದೆಯೋ, ಪಂಪಿಗೆ ಹೋಗುವ ವೈರು ತುಕ್ಕು ಹಿಡಿದಿದೆಯೋ, ಅದನ್ನು ಯಂತ್ರ ಹೇಳುವುದಿಲ್ಲ. ಪಂಪೇ ಬದಲಿಸೋಣ ಸರ್ ಅಂದ. ಮೊದಲು ಪಂಪಿಗೆ ಕರೆಂಟ್ ಎಷ್ಟು ಬರ್ತಿದೆ ನೋಡಪ್ಪಾ ಅಂದೆ. ವೈರಿನ ಕನೆಕ್ಟರಿನಲ್ಲಿ ಹಸಿರು ತುಕ್ಕು ಸಿಕ್ಕಿತು.

ಜೀಪು ಇನ್ನೂ ಕೊಟ್ಟಿಗೆಯ ಪಕ್ಕದಲ್ಲಿದೆ. ಮಳೆಗಾಲವಿಡೀ ನಿಲ್ಲಿಸಿದ್ದನ್ನು ದೀಪಾವಳಿಗೆ ತೆಗೆಯಹೋದರೆ ಸ್ಟಾರ್ಟ್ ಆಗಲಿಲ್ಲ. ಕಿಡಿ ನೀಲಿ ಇತ್ತು, ಪ್ಲಗ್ ಒಣಗಿತ್ತು. ಏರ್ ಕ್ಲೀನರ್ ತೆಗೆದು ಕಾರ್ಬೊರೇಟರ್ ಬಾಯಿಗೆ ಎರಡು ಚಮಚ ಪೆಟ್ರೋಲ್ ಹೊಯ್ದು, ಮುಖ ದೂರ ಇಟ್ಟು ಸೆಲ್ಫ್ ಹೊಡೆಸಿದೆ. ಮೂರು ಸೆಕೆಂಡ್ ಓಡಿ ಸತ್ತಿತು. ಅಂದರೆ ಪೆಟ್ರೋಲ್ ಬರುತ್ತಿಲ್ಲ. ಪಂಪಿನ ಗಾಜಿನ ಬಟ್ಟಲನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಒಳಗೆ ಎರಡು ಪದರ: ಮೇಲೆ ತಿಳಿ ಪೆಟ್ರೋಲ್, ಕೆಳಗೆ ಬೆರಳಗಲ ಮಬ್ಬು ನೀರು, ತಳದಲ್ಲಿ ತುಕ್ಕಿನ ಹುಡಿ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಅದು ನೀರನ್ನು ಕುಡಿಯುತ್ತದೆ, ಕುಡಿದು ಹೆಚ್ಚಾದರೆ ನೀರಿನ ಸಮೇತ ತಳಕ್ಕೆ ಇಳಿಯುತ್ತದೆ. ನಾಲ್ಕು ತಿಂಗಳ ಮಲೆನಾಡಿನ ಥಂಡಿ ಅದಕ್ಕೆ ಸಾಕು. ಪಂಪಿನ ಹಳೆಯ ಡಯಾಫ್ರಮ್ ಉಬ್ಬಿ ಚರ್ಮದ ಹಾಗೆ ಜೋತಿತ್ತು.

ಟ್ಯಾಂಕ್ ಬರಿದು ಮಾಡಿ, ಹೊಸ ಡಯಾಫ್ರಮ್ ಹಾಕಿದೆ. ಜೀಪು ಓಡಿತು. ಹದಿನೈದು ದಿನಕ್ಕೆ ಐಡಲಿಂಗ್ ನಿಲ್ಲದಾಯಿತು. ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಕೊಳೆಯನ್ನು ಎಥೆನಾಲ್ ಬಿಡಿಸಿ ಜೆಟ್ಟಿಗೆ ತಂದು ತುರುಕಿತ್ತು. ಆಗ ಕಾರ್ಬೊರೇಟರ್ ಬಿಚ್ಚಿದೆ. ಜೆಟ್ಟಿಗೆ ತಂತಿ ಹಾಕಬೇಡ ತಮ್ಮಾ, ತೂತು ದೊಡ್ಡದಾಗ್ತದೆ ಎಂದು ಸಾಯ್ಬ್ರು ಹೇಳುತ್ತಿದ್ದರು. ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು, ಬೆಳಕಿಗೆ ಹಿಡಿದು, ಆಚೆ ಕಡೆಯ ಆಕಾಶ ಕಂಡ ಮೇಲೆ ತಿರುಗಿಸಿ ಕೂರಿಸಿದೆ.