ಅರ್ಧ ಪೆನ್ನಿಯ ಓದು

ಇಂಗ್ಲಿಷ್ ಕಾದಂಬರಿಗಳನ್ನು ಓದಿ ಬೆಳೆದ ನಮ್ಮಂಥವರ ತಲೆಯಲ್ಲಿ ಇಂಗ್ಲೆಂಡಿನ ಓದುಗನ ಒಂದು ಚಿತ್ರ ಕೂತುಬಿಟ್ಟಿದೆ. ಹಳ್ಳಿಯ ದೊಡ್ಡ ಬಂಗಲೆ, ಸೂರು ಮುಟ್ಟುವ ಕಪಾಟು, ಚರ್ಮದ ರಟ್ಟಿನ ಪುಸ್ತಕಗಳು, ಉರಿಯುವ ಅಗ್ಗಿಷ್ಟಿಕೆ, ಕಾಲ ಬಳಿ ಒಂದು ನಾಯಿ. ಆ ಬಂಗಲೆಯ ಯಜಮಾನರು ನಿಜಕ್ಕೂ ಓದುತ್ತಿದ್ದರೋ ಇಲ್ಲವೋ ನಾವು ಕೇಳಿಕೊಳ್ಳುವುದಿಲ್ಲ. ಪಿ. ಜಿ. ವುಡ್‌ಹೌಸ್‌ಗೆ ಮಾತ್ರ ಅವರ ಬಂಡವಾಳ ಗೊತ್ತಿತ್ತು. ಅವನ ಎಮ್ಸ್‌ವರ್ತ್ ಪ್ರಭುವಿನ ಅಚ್ಚುಮೆಚ್ಚಿನ ಗ್ರಂಥ ಹಂದಿ ಸಾಕಣೆಯ ಕೈಪಿಡಿ.

ಈಚೆಗೆ ನನಗೆ ಹಿಡಿಸಿರುವುದು ಬೇರೆಯೇ ಇಂಗ್ಲೆಂಡ್. ಅದು ಎರವಲು ಪುಸ್ತಕ ಓದಿದ ಇಂಗ್ಲೆಂಡ್.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಮೂರು ಸಂಪುಟಗಳ ಹೊಸ ಕಾದಂಬರಿಯ ಬೆಲೆ ಮೂವತ್ತೊಂದೂವರೆ ಶಿಲಿಂಗ್. ಅನುಕೂಲಸ್ಥರೂ ಕೊಳ್ಳಲು ಹಿಂದೆಮುಂದೆ ನೋಡುವ ಬೆಲೆ. 1842ರಲ್ಲಿ ಪುಸ್ತಕಗಳನ್ನು ಎರವಲು ಕೊಡತೊಡಗಿದ ಚಾರ್ಲ್ಸ್ ಎಡ್ವರ್ಡ್ ಮ್ಯೂಡಿ ಎಂಬ ವ್ಯಾಪಾರಿ ವರ್ಷಕ್ಕೆ ಒಂದು ಗಿನಿ, ಅಂದರೆ ಇಪ್ಪತ್ತೊಂದು ಶಿಲಿಂಗ್ ಚಂದಾ ಇಟ್ಟ. ಒಂದು ಕಾದಂಬರಿಯ ಬೆಲೆಗಿಂತ ಕಡಿಮೆಗೆ ಇಡೀ ವರ್ಷದ ಓದು! ಆದರೆ ಆ ಚಂದಾಕ್ಕೆ ಒಂದು ಸಲಕ್ಕೆ ಒಂದೇ ಸಂಪುಟ. ಕಾದಂಬರಿ ಮೂರು ಸಂಪುಟಗಳಲ್ಲಿದ್ದರೆ ಒಂದೇ ಕಾದಂಬರಿಯನ್ನು ಒಟ್ಟಿಗೆ ಮೂವರು ಚಂದಾದಾರರಿಗೆ ಹಂಚಬಹುದಿತ್ತು. ಹೀಗಾಗಿ ಮ್ಯೂಡಿಗೆ ಮೂರು ಸಂಪುಟವೇ ಬೇಕು, ಪ್ರಕಾಶಕರಿಗೆ ಮ್ಯೂಡಿ ಬೇಕು, ಲೇಖಕ ಹಿಗ್ಗಿಸಲೇಬೇಕು. ವಿಕ್ಟೋರಿಯನ್ ಕಾಲದ ನಾಯಕಿಯರು ಮದುವೆಗೆ ಒಪ್ಪಲು ಅಷ್ಟೇಕೆ ಸತಾಯಿಸುತ್ತಾರೆ ಎಂದು ಕಾಲೇಜಿನಲ್ಲಿ ನಮಗೆ ಮನಶ್ಶಾಸ್ತ್ರದ ಕಾರಣಗಳನ್ನು ಹೇಳುತ್ತಿದ್ದರು. ಎರಡನೆಯ ಸಂಪುಟ ತುಂಬಬೇಕಿತ್ತು ಎಂಬ ಕಾರಣವೂ ಇತ್ತೆಂದು ನನ್ನ ಗುಮಾನಿ.

ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಲಾಗದ ಪುಸ್ತಕ ಮ್ಯೂಡಿಯ ಕಪಾಟು ಸೇರುತ್ತಿರಲಿಲ್ಲ. ತನ್ನ ಕಾದಂಬರಿಗೆ ಅಲ್ಲಿ ಬಾಗಿಲು ಮುಚ್ಚಿದ್ದಕ್ಕೆ ಕೆರಳಿದ ಜಾರ್ಜ್ ಮೂರ್ 1885ರಲ್ಲಿ ಒಂದು ಕಿರುಹೊತ್ತಗೆಯನ್ನೇ ಬರೆದು ಜಗಳಕ್ಕೆ ನಿಂತ. ಲೆಕ್ಕಾಚಾರ ಕೆಟ್ಟಿತೆಂದು 1894ರಲ್ಲಿ ಮ್ಯೂಡಿಯ ಸಂಸ್ಥೆಯೇ ಮೂರು ಸಂಪುಟದ ಪದ್ಧತಿಗೆ ಬೆನ್ನು ತಿರುಗಿಸಿತು. ಕೆಲವೇ ವರ್ಷಗಳಲ್ಲಿ ಕಾದಂಬರಿಗಳು ತೆಳ್ಳಗಾದವು.

ಗಿನಿ ಕೊಡಲಾಗದವರು? ಅವರಿಗಾಗಿ ವಿಲಿಯಂ ಎವರ್ಟ್ ಎಂಬ ಸಂಸದ 1850ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತಂದ. ಪಾರ್ಲಿಮೆಂಟಿನಲ್ಲಿ ದೊಡ್ಡ ರಂಪವಾಯಿತು. ಕೂಲಿಕಾರರು ಓದಿದರೆ ತಲೆ ತಿರುಗೀತು ಎಂಬುದು ಕೆಲವರ ಭಯ. ಲಿಂಕನ್ ನಗರದ ಕರ್ನಲ್ ಸಿಬ್‌ಥಾರ್ಪ್ ಅಂತೂ ತನಗೆ ಓದು ಎಂದರೇ ಆಗದು, ಆಕ್ಸ್‌ಫರ್ಡಿನಲ್ಲಿದ್ದಾಗಲೂ ಆಗುತ್ತಿರಲಿಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿಕೊಂಡ. ಇಷ್ಟು ಪ್ರಾಮಾಣಿಕ ಶಾಸಕರು ಈಗ ಸಿಗುವುದು ಕಷ್ಟ. ಕಡೆಗೆ ಪಾಸಾದ ಕಾಯ್ದೆಯ ಪ್ರಕಾರ ಊರಿನವರು ಒಪ್ಪಿದರೆ ಪೌಂಡಿಗೆ ಅರ್ಧ ಪೆನ್ನಿ ತೆರಿಗೆ ಎತ್ತಬಹುದು; ಆ ಹಣದಲ್ಲಿ ಕಟ್ಟಡ ಕಟ್ಟಬಹುದು; ಪುಸ್ತಕ ಮಾತ್ರ ಕೊಳ್ಳುವಂತಿಲ್ಲ! ಕಟ್ಟಡಕ್ಕೆ ಅನುದಾನವಿದ್ದು ಪುಸ್ತಕಕ್ಕಿಲ್ಲದ ರೋಗ ನಮ್ಮಲ್ಲೇ ಹುಟ್ಟಿದ್ದೇನಲ್ಲ. 1855ರಲ್ಲಿ ತೆರಿಗೆ ಒಂದು ಪೆನ್ನಿಗೇರಿತು, ಪುಸ್ತಕ ಕೊಳ್ಳಲು ಅಪ್ಪಣೆಯೂ ಸಿಕ್ಕಿತು.

1852ರಲ್ಲಿ ಮ್ಯಾಂಚೆಸ್ಟರಿನ ಗ್ರಂಥಾಲಯ ತೆರೆದಾಗ ಡಿಕನ್ಸ್, ಥ್ಯಾಕರೆ ಇಬ್ಬರೂ ಬಂದಿದ್ದರು. ಅಲ್ಲಿನ ಮೊದಲ ಗ್ರಂಥಪಾಲಕ ಎಡ್ವರ್ಡ್ ಎಡ್ವರ್ಡ್ಸ್ ಒಂದು ಕಾಲಕ್ಕೆ ಗಾರೆ ಕೆಲಸ ಮಾಡಿದವನು. ಬಾಗಿಲು ತೆರೆದ ಮೇಲೆ ಯಾರು ಬರುತ್ತಾರೆ, ಏನು ಓದುತ್ತಾರೆ ಎಂಬುದು ಯಾರ ಕೈಯಲ್ಲೂ ಇಲ್ಲವಲ್ಲ. ಹಲವು ಊರುಗಳಲ್ಲಿ ಜನ ಕುದುರೆ ಜೂಜಿನ ಸುದ್ದಿಗಾಗಿಯೇ ಪತ್ರಿಕೆಯ ಮುಂದೆ ಠಿಕಾಣಿ ಹೂಡಿದರು. ಗ್ರಂಥಪಾಲಕರು ಬೆಳಿಗ್ಗೆ ಬಂದವರೇ ಜೂಜಿನ ಅಂಕಣಗಳಿಗೆ ಮಸಿ ಬಳಿಯತೊಡಗಿದರು. ನನಗೆ ಜೂಜುಕೋರರ ಬಗ್ಗೆಯೇ ಕನಿಕರ. ಅವರಷ್ಟು ಏಕಾಗ್ರತೆಯಿಂದ ಓದುವವರು ಯಾವ ವಾಚನಾಲಯದಲ್ಲೂ ಸಿಗಲಿಕ್ಕಿಲ್ಲ.

ಎರವಲು ಹೋದ ಪುಸ್ತಕದಿಂದ ಲೇಖಕನಿಗೇನು ಬಂತು ಎಂದು ಬ್ರಿಜಿಡ್ ಬ್ರೋಫಿ, ಮೌರೀನ್ ಡಫಿ ಮೊದಲಾದ ಬರಹಗಾರರು ವರ್ಷಗಟ್ಟಲೆ ಕೇಳಿದರು. 1979ರಲ್ಲಿ ಅದಕ್ಕೂ ಕಾನೂನಾಯಿತು. ಗ್ರಂಥಾಲಯದಿಂದ ಪುಸ್ತಕ ಹೊರಬಿದ್ದಾಗಲೆಲ್ಲ ಬರೆದವರ ಲೆಕ್ಕಕ್ಕೆ ಸರ್ಕಾರದಿಂದ ಕೆಲವು ಪೆನ್ನಿ ಸೇರುತ್ತವೆ. ಎಷ್ಟೇ ಜನಪ್ರಿಯರಾದರೂ ವರ್ಷಕ್ಕೆ 6,600 ಪೌಂಡಿಗಿಂತ ಹೆಚ್ಚಿಲ್ಲ. ನಮ್ಮ ಕನ್ನಡ ಲೇಖಕರಿಗೆ ಇದನ್ನು ಓದಿದರೆ ಹೊಟ್ಟೆ ಉರಿಯಬಹುದು. ಸ್ವಲ್ಪ ಸಮಾಧಾನಕ್ಕೆ: 2010ರಿಂದ ಈಚೆಗೆ ಅದೇ ನಾಡಿನಲ್ಲಿ ಖರ್ಚು ಕಡಿತದ ಹೆಸರಿನಲ್ಲಿ ನೂರಾರು ಗ್ರಂಥಾಲಯಗಳಿಗೆ ಬೀಗ ಬಿದ್ದಿದೆ.

ಆ ಪೆನ್ನಿ ತೆರಿಗೆಯ ಉಪಾಯ ನಮ್ಮಲ್ಲೂ ಇದೆ. 1965ರ ಕಾಯ್ದೆಯ ಫಲವಾಗಿ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಲೆಕ್ಕದಲ್ಲಿ ಅದು ಭಿಕ್ಷುಕರ ಸೆಸ್‌ನ ನೆರೆಯಲ್ಲೇ ಇರುತ್ತದೆ. ಓದುವವರೂ ಓದದವರೂ ಕಟ್ಟುತ್ತಾರೆ. ನಿಮ್ಮ ಬಡಾವಣೆಯ ಗ್ರಂಥಾಲಯ ಎಲ್ಲಿದೆ ಎಂದು ಈ ವಾರ ಒಮ್ಮೆ ಹುಡುಕಿ ನೋಡಿ. ಪುಸ್ತಕದ ದುಡ್ಡು ನೀವು ಆಗಲೇ ಕೊಟ್ಟಾಗಿದೆ.